ಡುಲೂತಿಗೆ ಬಂದ ಬೀಗಿತ್ತಿ

ಸವಾನಾ, ಜಾರ್ಜಿಯಾ
14 ಏಪ್ರಿಲ್ 1986

ಅಪ್ಪನಿಗೆ,

ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಕಾಗದ ನೋಡಿ ಗಾಬರಿಯಾಗಬೇಡಿ, ಇಲ್ಲಿ ಯಾರಿಗೂ ಏನೂ ಆಗಿಲ್ಲ.

ನನ್ನ ಅತ್ತೆ, ಅಂದರೆ ರೂಬೆನ್‌ನ ತಾಯಿ ಲುವೀನಿಯಾ ಟಾಲಿವರ್, ಜೂನ್‌ನಲ್ಲಿ ತಮ್ಮ ಚರ್ಚಿನ ಮಹಿಳಾ ಸಮ್ಮೇಳನಕ್ಕೆಂದು ಮಿನಿಯಾಪೊಲಿಸ್‌ಗೆ ಬರುತ್ತಿದ್ದಾರೆ. ಅಲ್ಲಿಂದ ಡುಲೂತಿಗೆ ಬಸ್ಸಿನಲ್ಲಿ ಮೂರೇ ಗಂಟೆಯಂತೆ, ನೋಡಿಯೇ ಬರುತ್ತೇನೆ ಎಂದು ಹಟ ಹಿಡಿದಿದ್ದಾರೆ. ನಾನು ಬೇಡವೆಂದೆ, ಕೇಳಲಿಲ್ಲ. ಒಂದು ವಾರ ಇರುತ್ತಾರೆ. ನಿಮ್ಮ ಪಕ್ಕದ ಮನೆಯ ಸೋಲ್ವೇಗ್ ಆಂಟಿಗೆ ಬರೆದಿದ್ದೆ. ಅವರ ಮಹಡಿಯ ಕೋಣೆ ಕೊಡುವುದಾಗಿ ಹೇಳಿದ್ದಾರೆ. ಆದ್ದರಿಂದ ನಿಮಗೆ ತೊಂದರೆಯೇನೂ ಆಗದು. ನಾನು ಕೇಳುವುದು ಇಷ್ಟೇ, ಅವರಿಗೆ ನಿಮ್ಮ ಊರು ತೋರಿಸಿ.

ಅವರು ಬಹಳ ಪ್ರಶ್ನೆ ಕೇಳುತ್ತಾರೆ. ಎಲ್ಲಕ್ಕೂ ಉತ್ತರ ಕೊಡಲೇಬೇಕೆಂದಿಲ್ಲ. ಕೊಡದೆ ಇರುವುದು ನಿಮಗೆ ಹೊಸದೂ ಅಲ್ಲ.

ಇತಿ,
ಐಲಾ


ಪಾರ್ಕ್ ಪಾಯಿಂಟ್, ಡುಲೂತ್
27 ಏಪ್ರಿಲ್ 1986

ಐಲಾ,

ಕಾಗದ ಬಂತು. ನಿನ್ನ ಮದುವೆಯ ಕಾಗದ ಬಂದು ಐದು ವರ್ಷವಾದ ಮೇಲೆ ಇದು.

ಬೀಗಿತ್ತಿ ಬರಲಿ. ಬಸ್ಸು ನಿಲ್ಲುವ ಕಡೆ ನಾನೇ ಹೋಗಿ ಕರೆತರುತ್ತೇನೆ. ಆದರೆ ಇಲ್ಲಿ ನೋಡುವಂಥದ್ದು ಏನಿದೆ ಎಂದು ನನಗೆ ತಿಳಿಯದು. ಉಕ್ಕಿನ ಕಾರ್ಖಾನೆ ಮುಚ್ಚಿ ವರ್ಷಗಳಾದವು. ನಿನ್ನ ಜೊತೆ ಓದಿದವರಲ್ಲಿ ಅರ್ಧ ಜನ ಊರು ಬಿಟ್ಟಿದ್ದಾರೆ. ಕೊನೆಗೆ ಹೊರಡುವವರು ದೀಪ ಆರಿಸಿ ಹೋಗಿ ಎಂದು ಯಾರೋ ರಸ್ತೆ ಬದಿಗೆ ದೊಡ್ಡ ಬೋರ್ಡು ಹಾಕಿದ್ದರು. ನೀನು ಹೋದ ಮೇಲಿನ ಮಾತು ಅದು. ದೀಪವನ್ನು ಇನ್ನೂ ಯಾರೂ ಆರಿಸಿಲ್ಲ.

ಕೊಲ್ಲಿಯಲ್ಲಿ ಮಂಜುಗಡ್ಡೆ ಈಗ ಒಡೆಯುತ್ತಿದೆ. ಅವರಿಗೆ ಮಂಡಿ ನೋವಿದೆಯೇ? ಊರೆಲ್ಲ ಏರು. ಹೊಗೆಯಲ್ಲಿ ಬೇಯಿಸಿದ ಮೀನು ತಿನ್ನುತ್ತಾರೆಯೇ? ಉಣ್ಣೆಯ ಸ್ವೆಟರ್ ತರಲು ಹೇಳು. ಜೂನ್‌ನಲ್ಲಿ ಸ್ವೆಟರೇ ಎಂದು ನಕ್ಕರೆ ನಗಲಿ, ತರಲಿ.

ನೀನು ಚೆನ್ನಾಗಿದ್ದೀಯಾ?

ಅಪ್ಪ


ಸವಾನಾ
10 ಮೇ 1986

ಮಾನ್ಯ ಬೀಗರಾದ ಆರ್ವೋ ಕಾಂಗಸ್ ಅವರಿಗೆ,

ಮದುವೆಯಾಗಿ ಐದು ವರ್ಷ ಕಳೆದರೂ ಹುಡುಗಿಯ ಅಪ್ಪನ ಮುಖ ಕಾಣದ ಬೀಗಿತ್ತಿ ಈ ಸವಾನಾದಲ್ಲಿ ನಾನೊಬ್ಬಳೇ ಇರಬೇಕು. ಹಾಗಾಗಿ ನನ್ನ ಪರಿಚಯವನ್ನು ನಾನೇ ಮಾಡಿಕೊಳ್ಳುತ್ತೇನೆ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಹೇಳಿದೆ. ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಗೋಡೆಗೆ ನಕ್ಷೆ ಇಳಿಬಿಟ್ಟು, ಬೆತ್ತದ ತುದಿಯಿಂದ ಐದು ಮಹಾಸರೋವರಗಳನ್ನು ತೋರಿಸಿದೆ. ಮಕ್ಕಳು ಬಾಯಿಪಾಠ ಒಪ್ಪಿಸಿದರು. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ನೀವು ನೋಡಿದೀರಾ?" ಎಂದು ಕೇಳಿದಳು. "ಕೂತ್ಕೋ" ಎಂದೆ. ಈಗ ನಿವೃತ್ತಿಯಾಗಿದೆ, ಗಂಡ ತೀರಿಕೊಂಡಿದ್ದಾರೆ, ಮಂಡಿ ಗಟ್ಟಿಯಾಗಿದೆ. ಆ ಹುಡುಗಿಗೆ ಉತ್ತರ ಹೇಳುವ ಕಾಲ ಬಂದಿದೆ.

ಈಗ ನನ್ನ ಪ್ರಶ್ನೆಗಳು. ನಿಮ್ಮ ಪಾಯಿಂಟ್ ಎಂಬುದು ಏಳು ಮೈಲಿ ಉದ್ದದ ಮರಳಿನ ನಾಲಿಗೆ ಎಂದು ಪುಸ್ತಕದಲ್ಲಿದೆ. ಮರಳಿನ ಮೇಲೆ ಮನೆ ಹೇಗೆ ನಿಲ್ಲುತ್ತದೆ? ಸರೋವರದ ಎಲ್ಲ ಕಡೆ ಮಂಜುಗಡ್ಡೆ ಕಟ್ಟುತ್ತದೆಯೋ, ಬರೀ ಅಂಚಿಗೋ? ಕಟ್ಟಿದಾಗ ಸದ್ದಾಗುತ್ತದೆಯೇ? ನೀವು ಇಪ್ಪತ್ತಾರು ವರ್ಷ ಎತ್ತುಸೇತುವೆ ನಡೆಸಿದಿರಂತೆ, ನಿಜವೇ? ಅಷ್ಟು ಭಾರದ ಕಬ್ಬಿಣವನ್ನು ಎತ್ತುವವನು ಎಲ್ಲಿ ಕೂರುತ್ತಾನೆ, ಕೆಳಗೋ ಮೇಲೋ? ಐಲಾಳನ್ನು ಕೇಳಿದರೆ ಪಾತ್ರೆ ತೊಳೆಯಲು ಎದ್ದು ಹೋಗುತ್ತಾಳೆ.

ಮೀನು ತಿನ್ನುತ್ತೇನೆ. ಬೆಂಡೆಕಾಯಿ ಉಪ್ಪಿನಕಾಯಿ ತರುತ್ತೇನೆ. ಅದನ್ನು ತಿಂದ ಮೇಲೆ ನಿಮ್ಮ ಊರಿನವರು ಜೂನ್‌ನಲ್ಲಿ ಸ್ವೆಟರ್ ಬಿಚ್ಚುತ್ತಾರೆ.

ನಿಮ್ಮನ್ನು ನೋಡುವ ಕುತೂಹಲದಲ್ಲಿ,
ಲುವೀನಿಯಾ ಟಾಲಿವರ್


ಡುಲೂತ್
22 ಮೇ 1986

ಶ್ರೀಮತಿ ಟಾಲಿವರ್ ಅವರಿಗೆ,

ಮನೆ ಕಂಬದ ಮೇಲೆ ನಿಲ್ಲುತ್ತದೆ. ಗಡ್ಡೆ ಕೆಲವು ವರ್ಷ ಪೂರ್ತಿ ಕಟ್ಟುತ್ತದೆ, ಕೆಲವು ವರ್ಷ ಇಲ್ಲ. ಸದ್ದು ಆಗುತ್ತದೆ. ದೂರದಲ್ಲಿ ಯಾರೋ ಬಾಗಿಲು ಹಾಕಿದ ಹಾಗೆ.

ಸೇತುವೆ ನಡೆಸುವವನ ಗೂಡು ಸೇತುವೆಯ ನಡುವೆಯೇ ಇದೆ. ಸೇತುವೆ ಎದ್ದಾಗ ಅವನೂ ಜೊತೆಗೇ ಮೇಲೆ ಹೋಗುತ್ತಾನೆ. ಹಡಗು ದಾಟುವವರೆಗೆ ಇಳಿಯಲು ಆಗುವುದಿಲ್ಲ.

ಜೂನ್ ಹದಿನಾಲ್ಕು, ಮಧ್ಯಾಹ್ನ ಎರಡೂವರೆಯ ಬಸ್ಸಿಗೆ ಬಂದಿರುತ್ತೇನೆ. ಕಂದು ಟೋಪಿ.

ಆರ್ವೋ ಕಾಂಗಸ್


ಪಾರ್ಕ್ ಪಾಯಿಂಟ್, ಡುಲೂತ್
16 ಜೂನ್ 1986

ಐಲಾ ಮಗಳೇ,

ಸುಖವಾಗಿ ಬಂದು ತಲುಪಿದೆ ಎಂದು ರೂಬೆನ್‌ಗೆ ಹೇಳು. ನನ್ನ ಕೊಡೆ ಮಿನಿಯಾಪೊಲಿಸ್‌ನಲ್ಲೇ ಉಳಿಯಿತು, ಅದನ್ನು ಹೇಳಬೇಡ.

ನಿನ್ನ ಅಪ್ಪ ಹೇಳಿದ ಹಾಗೆ ಕಂದು ಟೋಪಿ ಹಾಕಿಕೊಂಡು ಕಂಬದ ಪಕ್ಕದಲ್ಲಿ ಇನ್ನೊಂದು ಕಂಬದಂತೆ ನಿಂತಿದ್ದರು. ಕೈಯಲ್ಲಿ ಹೆಂಗಸರ ಉಣ್ಣೆಯ ಕೋಟು.

"ಬಂದ್ರಾ," ಎಂದರು.

"ಬಂದೆ," ಎಂದೆ.

ಕೋಟು ಚಾಚಿದರು. "ಬೇಡಿ, ನಂಗೇನು ಚಳಿ ಆಗ್ತಿಲ್ಲ," ಎಂದೆ. "ಗುಡ್ಡ ಇಳೀವಾಗ ಆಗುತ್ತೆ," ಎಂದರು. ಇಳಿದೆವು, ಆಯಿತು. ಬೀದಿಯ ಮೇಲ್ತುದಿಯಲ್ಲಿ ಬೇಸಿಗೆ, ಕೆಳತುದಿಯಲ್ಲಿ ಡಿಸೆಂಬರ್! ಹಾಕಿಕೊಂಡೆ. ಕೋಟು ಯಾರದ್ದೆಂದು ಕೇಳಲಿಲ್ಲ. ನಾನು ಇಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಸದ್ಯಕ್ಕೆ ಅದೊಂದೇ.

ಮೊದಲ ಎರಡು ದಿನ ಬರೀ ಕಾವಳ. ಸೋಲ್ವೇಗ್ ಮನೆಯ ಹಿಂಬಾಗಿಲಿನಿಂದ ಮರಳು ದಾಟಿ ಕರೆದೊಯ್ದು ನಿಲ್ಲಿಸಿದರು. ಎದುರಿಗೆ ಹಾಲಿನಲ್ಲಿ ಅದ್ದಿದಂಥ ಬಿಳುಪು ಬಿಟ್ಟರೆ ಮತ್ತೇನೂ ಕಾಣದು.

"ಸರೋವರ ಎಲ್ಲಿ?"

"ಇದೇ."

"ಏನೂ ಕಾಣ್ತಿಲ್ವಲ್ಲ."

"ಇದೆ."

"ಬೀಗರೇ, ಮೂವತ್ತನಾಲ್ಕು ವರ್ಷ ನಕ್ಷೆ ನೋಡಿ ನಂಬಿದ್ದಾಯ್ತು. ಇಷ್ಟು ದೂರ ಬಂದ್ಮೇಲೂ ನಂಬ್ಕೊಂಡೇ ಇರಬೇಕಾ?"

ಅವರ ಮೀಸೆಯ ಒಂದು ತುದಿ ಅಲುಗಿತು. ಅದು ನಗು ಎಂದು ಸೋಲ್ವೇಗ್ ಆಮೇಲೆ ಹೇಳಿದಳು. ಎಂಟು ವರ್ಷದಲ್ಲಿ ತಾನು ಎರಡು ಸಲ ನೋಡಿದ್ದಾಳಂತೆ.

ಕಾಣದ ಸರೋವರವನ್ನು ಬಿಟ್ಟು ಊರು ತೋರಿಸಿದರು. ತೋರಿಸುವುದು ಎಂದರೆ, ಕಾರು ನಿಲ್ಲಿಸಿ ಬೆರಳು ಚಾಚುವುದು. "ಧಾನ್ಯದ ಗೋಪುರ." "ಅದಿರಿನ ಕಟ್ಟೆ." "ಇಲ್ಲಿ ಚಿತ್ರಮಂದಿರ ಇತ್ತು." ಅವರ ಊರಿನಲ್ಲಿ ಇರುವುದಕ್ಕಿಂತ ಇದ್ದದ್ದೇ ಹೆಚ್ಚು. ಆದರೆ ಮಗಳೇ, ನನಗೆ ಊರು ಹಿಡಿಸಿತು. ಮನೆಗಳು ಗುಡ್ಡದ ಮೇಲೆ ಒಂದರ ಭುಜದ ಮೇಲಿಂದ ಇನ್ನೊಂದು ಇಣುಕಿ ನೀರನ್ನೇ ನೋಡುತ್ತವೆ. ಜನವೂ ಹಾಗೆಯೇ. ಅಂಗಡಿಯವನು ಚಿಲ್ಲರೆ ಕೊಡುತ್ತಾ ಕಿಟಕಿಯ ಕಡೆ ನೋಡುತ್ತಾನೆ. ನನ್ನನ್ನೂ ನೋಡಿದರು. ನನ್ನಂಥ ಕಪ್ಪು ಮೈಯವರು ಇಲ್ಲಿ ಅಪರೂಪ. ಬೇಕರಿಯಲ್ಲಿ ಒಬ್ಬಾಕೆ ನೋಡಿದ್ದು ಸ್ವಲ್ಪ ಹೆಚ್ಚೇ ಆಯಿತು. ನಿನ್ನ ಅಪ್ಪ ಅವಳ ಮುಂದೆ ಹೋಗಿ, "ನಮ್ಮ ಬೀಗಿತ್ತಿ. ಇವರಿಗೆ ಏಲಕ್ಕಿ ಬ್ರೆಡ್ಡು, ಇವತ್ತು ಬೆಳಗ್ಗೆ ಮಾಡಿದ್ದು ಕೊಡಿ, ನಿನ್ನೇದು ಬೇಡ," ಎಂದರು. ಎರಡು ದಿನಗಳಲ್ಲಿ ಅವರಾಡಿದ ಅತಿ ಉದ್ದದ ಮಾತು ಅದು. ನಾನು ಅವರ ಮುಖವನ್ನೇ ನೋಡಿದೆ. ನಾವು ಸವಾನಾದಲ್ಲಿ ಕುಳಿತು ಐದು ವರ್ಷ ಅಂದುಕೊಂಡ ಮನುಷ್ಯನ ಮುಖ ಅದಾಗಿರಲಿಲ್ಲ.

ಇವತ್ತು ಬೆಳಿಗ್ಗೆ ಸೋಲ್ವೇಗ್ ಕಿರುಚಿದಳು. ಓಡಿ ಹೋದೆ. ಕಾವಳ ಎದ್ದು ಹೋಗಿತ್ತು. ಏನು ಹೇಳಲಿ? ನನ್ನ ನಕ್ಷೆಯಲ್ಲಿ ಅದು ಅಂಗೈಯಗಲದ ನೀಲಿ. ಮರಳಿನಲ್ಲಿ ಮಂಡಿಯೂರಿ, ಬೊಗಸೆ ತುಂಬ ಎತ್ತಿ ಕುಡಿದೆ. ಹಲ್ಲು ಜುಮ್ಮೆಂದವು. ಒಂದು ಹರಳು ಉಪ್ಪಿಲ್ಲ. ಮಕ್ಕಳಿಗೆ ನಾನು ಸುಳ್ಳು ಹೇಳಿರಲಿಲ್ಲ.

ನಿನ್ನ ಅತ್ತೆ,
ಲುವೀನಿಯಾ


ಡುಲೂತ್
19 ಜೂನ್ 1986

ಐಲಾ,

ಇದನ್ನು ನಿಧಾನವಾಗಿ ಓದು. ಮೊದಲು ಕುಳಿತುಕೋ.

ಪಾಯಿಂಟಿನಿಂದ ಊರಿಗೆ ಹೋಗಲು ಇರುವುದು ಆ ಸೇತುವೆ ಒಂದೇ, ನಿನಗೆ ಗೊತ್ತು. ಹಡಗು ಬಂದರೆ ಎದ್ದುಬಿಡುತ್ತದೆ, ಕಾರುಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಮೊದಲ ಸಲ ಹಾಗೆ ಸಿಕ್ಕಿಕೊಂಡಾಗ ನಾನು ಕಿಟಕಿಯಿಂದ ತಲೆ ಹೊರಹಾಕಿ ಚಪ್ಪಾಳೆ ತಟ್ಟಿದೆ. ಏಳುನೂರು ಅಡಿಯ ಹಡಗು, ಕೈ ಚಾಚಿದರೆ ಸಿಗುವಷ್ಟು ಹತ್ತಿರ! ಹಡಗು ಕೂಗಿತು, ಸೇತುವೆ ಉತ್ತರ ಕೊಟ್ಟಿತು. "ಬೀಗರೇ, ಏನಂತ ಮಾತಾಡ್ಕೊಂಡ್ವು?" ಎಂದು ತಿರುಗಿದರೆ ಪಕ್ಕದ ಸೀಟು ಖಾಲಿ. ಅವರು ರಸ್ತೆಯ ಬದಿಗೆ ಹೋಗಿ, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಸೇತುವೆಗೆ ಬೆನ್ನು ಮಾಡಿ ನಿಂತಿದ್ದರು. ಸೇತುವೆ ಇಳಿದ ಮೇಲೆ ಬಂದು ಕುಳಿತು ಕಾರು ಬಿಟ್ಟರು. ಮೂರು ದಿನದಲ್ಲಿ ನಾಲ್ಕು ಸಲ ಸಿಕ್ಕಿಕೊಂಡೆವು. ನಾಲ್ಕು ಸಲವೂ ಹಾಗೆಯೇ. ಇಪ್ಪತ್ತಾರು ವರ್ಷ ಅದನ್ನು ಎತ್ತಿ ಇಳಿಸಿದ ಮನುಷ್ಯ!

ನಿನ್ನೆ ಅವರ ಅಡುಗೆಮನೆಯಲ್ಲಿ ಕಾಫಿಗೆ ಕುಳಿತಾಗ ನಾನು ಬೇರೆಯದನ್ನೇ ಕೇಳಿದೆ. ಐದು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದು.

"ಬೀಗರೇ, ಮದುವೆಗೆ ಯಾಕೆ ಬರ್ಲಿಲ್ಲ? ಒಂದು ಸಾಲು ಕಾಗದಾನೂ ಬರ್ಲಿಲ್ಲ. ನಮ್ಮ ಬಣ್ಣ ನೋಡಿ ಸುಮ್ಮನಾದ್ರಾ? ಹೇಳಿಬಿಡಿ, ನಾನು ಅಳೋಳಲ್ಲ."

ಅವರು ಬಟ್ಟಲನ್ನು ಕೆಳಗಿಟ್ಟರು. "ಹಾಗಂದ್ಕೊಂಡ್ರಾ?"

"ಮತ್ತೇನಂದ್ಕೊಳ್ಳೋದು?"

ಎದ್ದು ನನ್ನ ಬಟ್ಟಲಿಗೆ ಮತ್ತೆ ಕಾಫಿ ಬಗ್ಗಿಸಿದರು. ಆಮೇಲೆ, "ಐಲಾ ಫೋಟೋ ಕಳಿಸಿದ್ಲು. ನೋಡ್ದೆ. ಒಂದೆರಡು ದಿನ ಯೋಚನೆ ಬಂತು, ಸುಳ್ಳು ಹೇಳಲ್ಲ. ಇವಳಿಗೆ ಜನ ಏನೇನನ್ನಬಹುದು ಅಂತ. ಮೂರನೇ ದಿನಕ್ಕೆ ಹೋಯ್ತು. ಹುಡುಗ ಫೋಟೋದಲ್ಲಿ ಅವಳ ಚೀಲ ಹಿಡ್ಕೊಂಡು ನಿಂತಿದ್ದ. ಅಷ್ಟು ಸಾಕಾಯ್ತು. ಕಾರಣ ಅದಲ್ಲ."

"ಮತ್ತೆ?"

"ಕಾಗದದ ಕೊನೇಲಿ ಅವಳು ಬರೆದಿದ್ಲು, 'ಹೇಳೋದೇನಾದ್ರೂ ಇದ್ರೆ ಬಂದು ಹೇಳು' ಅಂತ. ಇತ್ತು. ಹೇಳಕ್ಕೆ ಆಗ್ಲಿಲ್ಲ. ಹೇಳದೆ ಹೋಗಿ ಕೇಕು ತಿಂದು ಬರೋದು ಹೇಗೆ?"

ಆಮೇಲೆ ಹೇಳಿದರು. ಒಂದು ಗಂಟೆ ಹಿಡಿಯಿತು, ಮಾತು ಹತ್ತು ನಿಮಿಷದ್ದು. ಮುಗಿದ ಮೇಲೆ, "ಅವಳಿಗೆ ಹೇಳಬೇಡಿ," ಎಂದರು.

"ನಾನು ಹೇಳಲ್ಲ," ಎಂದೆ. "ನೀವು ಹೇಳ್ತೀರಿ. ಬಾಯಲ್ಲಿ ಆಗದಿದ್ರೆ ಕೈಯಲ್ಲಿ ಬರೀರಿ. ನಾನು ಟೀಚರು, ಕಾಯ್ತೀನಿ. ಆದರೆ ಜೀವನ ಪೂರ್ತಿ ಕಾಯಲ್ಲ."

ಆದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ. ಅವರಿಂದ ಕಾಗದ ಬಂದರೆ ಒಲೆಯ ಹತ್ತಿರ ನಿಂತು ಓದಬೇಡ.

ಶನಿವಾರ ಹೊರಡುತ್ತೇನೆ. ಇವತ್ತು ಸೋಲ್ವೇಗ್ ನನ್ನನ್ನು ಹಬೆಕೋಣೆಯಲ್ಲಿ ಕೂರಿಸಿ, ಕಾದ ಕಲ್ಲಿಗೆ ನೀರೆರಚಿ ಬೇಯಿಸಿದಳು. "ತಾಯೀ, ನಮ್ಮೂರಲ್ಲಿ ಜುಲೈ ತಿಂಗಳು ಇದನ್ನ ಪುಕ್ಕಟೆ ಕೊಡ್ತಾರೆ," ಎಂದೆ. ಬಿಟ್ಟರೆ ತಾನೇ!

ಲುವೀನಿಯಾ


ಡುಲೂತ್
8 ಜುಲೈ 1986

ಐಲಾ,

ಇದು ಆರನೆಯ ಸಲ ಬರೆಯುತ್ತಿರುವುದು. ಹಿಂದಿನ ಐದು ಒಲೆಗೆ ಹೋದವು. ಇದನ್ನು ಬರೆದ ಕೂಡಲೇ ಪೆಟ್ಟಿಗೆಗೆ ಹಾಕಲು ಸೋಲ್ವೇಗ್ ಕೈಗೆ ಕೊಡುತ್ತೇನೆ.

ನಿನ್ನ ಅಮ್ಮ ಆಸ್ಪತ್ರೆಯ ದಾರಿಯಲ್ಲಿ ಹೋದಳು ಎಂದು ನಿನಗೆ ಹೇಳಿದ್ದೆ. ಅದು ನಿಜ. ಪೂರ್ತಿ ನಿಜವಲ್ಲ.

1977ರ ನವೆಂಬರ್ ಹತ್ತೊಂಬತ್ತು. ನಾನು ಹಗಲು ಪಾಳಿ. ಈಶಾನ್ಯದ ಗಾಳಿ ಜೋರಾಗಿತ್ತು, ಅಲೆ ಸೇತುವೆಯ ಕೆಳಗಿನ ಕಾಲುವೆಯ ಗೋಡೆ ಹಾರಿ ಬೀಳುತ್ತಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಹಡಗು ಹೊರಗಿನಿಂದ ಬರುತ್ತಿತ್ತು. ಅಂಥ ಗಾಳಿಯಲ್ಲಿ ಹಡಗು ಕಾಲುವೆಯ ಬಾಯಿಗೆ ಮುಖ ಮಾಡಿದರೆ ಮುಗಿಯಿತು. ನಿಲ್ಲಿಸಲು ಆಗದು, ತಿರುಗಿಸಲು ಆಗದು. ಸೇತುವೆ ಎತ್ತಿದೆ. ನಾನೂ ಅದರ ಜೊತೆ ಮೇಲೆ ಹೋದೆ.

ಮೇಲಿನಿಂದ ಪಾಯಿಂಟಿನ ಕಡೆಯ ಕಾರುಗಳ ಸಾಲು ಕಂಡಿತು. ಸಾಲನ್ನು ಬದಿಗೆ ಸರಿಸಿಕೊಂಡು ಒಂದು ಆಂಬುಲೆನ್ಸ್ ಮುಂದೆ ಬಂದು ಗೇಟಿನ ಹತ್ತಿರ ನಿಂತಿತು. ಕೆಂಪು ದೀಪ ತಿರುಗುತ್ತಿತ್ತು. ಪಾಪ ಯಾರಿಗೋ ಏನೋ ಎಂದುಕೊಂಡೆ. ಯಾರಿಗೋ ಎಂದುಕೊಂಡೆ, ಐಲಾ. ಹಡಗು ಆಗಲೇ ಗೋಡೆಗಳ ನಡುವೆ ಇತ್ತು. ಇಳಿಸಿದ್ದರೆ ಹಡಗಿನವರು ಸಾಯುತ್ತಿದ್ದರು. ಹನ್ನೊಂದು ನಿಮಿಷ ಹಿಡಿಯಿತು. ನಾನು ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದೆ, ಎಂದಿನಂತೆ. ಇಳಿಸಿದೆ. ಆಂಬುಲೆನ್ಸ್ ನನ್ನ ಕಾಲ ಕೆಳಗಿನಿಂದಲೇ ಹಾದು ಗುಡ್ಡ ಹತ್ತಿತು. ಇಪ್ಪತ್ತು ನಿಮಿಷದ ಮೇಲೆ ಸೋಲ್ವೇಗ್ ಫೋನು ಮಾಡಿದಳು, ಹಿಲ್ಮಾಗೆ ಎದೆನೋವು, ಆಂಬುಲೆನ್ಸಿನಲ್ಲಿ ಕಳಿಸಿದೆ, ನೀನು ಹೋಗು ಎಂದು.

ನಾನು ಹೋಗುವಷ್ಟರಲ್ಲಿ ಮುಖಕ್ಕೆ ಬಟ್ಟೆ ಮುಚ್ಚಿದ್ದರು.

ಆ ಹನ್ನೊಂದು ನಿಮಿಷ ಇದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಎಲ್ಲರಿಗೂ ಹಾಗೆಯೇ ಹೇಳುತ್ತಾರೇನೋ. ನನ್ನದು ತಪ್ಪೆಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ವಾದಿಸಬಹುದಿತ್ತು.

ನೀನು ಅಂತ್ಯಕ್ರಿಯೆಗೆ ಬಂದು ಅಡುಗೆಮನೆಯಲ್ಲಿ ನಿಂತು, ಹೇಗಾಯಿತು ಎಂದು ಕೇಳಿದೆ. ದಾರಿಯಲ್ಲಿ ಆಯಿತು ಎಂದೆ. ಮತ್ತೆ ಕೇಳಿದೆ. ಅಷ್ಟೇ ಎಂದೆ. ನೀನು ನನ್ನನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಆ ಚಳಿಗಾಲವೇ ಕೆಲಸ ಬಿಟ್ಟೆ.

ಇದನ್ನು ತಿಳಿದ ಮೇಲೆ ನಿನಗೆ ಬರೆಯಬೇಕೆನ್ನಿಸದಿದ್ದರೆ ಬರೆಯಬೇಡ. ಅರ್ಥವಾಗುತ್ತದೆ.

ಅಪ್ಪ


ಡುಲೂತ್
5 ಆಗಸ್ಟ್ 1986

ಬೀಗಿತ್ತಿಯವರೇ,

ನೀವು ಹೇಳಿದಂತೆ ಬರೆದೆ. ನಾಲ್ಕು ವಾರವಾಯಿತು. ಉತ್ತರವಿಲ್ಲ.

ಅವಳಿಗೆ ತಲುಪಿತೇ, ಅಷ್ಟು ಹೇಳಿದರೆ ಸಾಕು.

ಬೆಂಡೆಕಾಯಿ ಮುಗಿದಿದೆ. ಸೋಲ್ವೇಗ್ ಬಾಟಲಿಯ ರಸವನ್ನೂ ಬಿಡಲಿಲ್ಲ.

ಆರ್ವೋ


ಸವಾನಾ
13 ಆಗಸ್ಟ್ 1986

ಬೀಗರೇ,

ತಲುಪಿದೆ. ಅವಳು ಹಿತ್ತಿಲಿನ ಮೆಟ್ಟಿಲ ಮೇಲೆ ಕುಳಿತು ಓದಿದಳು. ಮತ್ತೆ ಓದಿದಳು. ರೂಬೆನ್ ಪಕ್ಕದಲ್ಲಿ ಹೋಗಿ ಕುಳಿತ. ಕತ್ತಲಾಗುವವರೆಗೂ ಇಬ್ಬರೂ ಏಳಲಿಲ್ಲ. ಮಾರನೆಯ ದಿನ ಎಂದಿನಂತೆ ಕೆಲಸಕ್ಕೆ ಹೋದಳು. ನನ್ನ ಜೊತೆ ಆ ಮಾತು ಎತ್ತಿಲ್ಲ. ನಾನೂ ಕೇಳಿಲ್ಲ. ನಾನು, ಲುವೀನಿಯಾ ಟಾಲಿವರ್, ನಾಲ್ಕು ವಾರದಿಂದ ಕೇಳಿಲ್ಲ. ಅದರ ಕಷ್ಟ ನಿಮಗೆ ತಿಳಿಯದು.

ದಿನವೂ ಮೇಜಿನ ಮುಂದೆ ಕೂರುತ್ತಾಳೆ. ಬರೆಯುತ್ತಾಳೆ, ಹರಿಯುತ್ತಾಳೆ. ಎಲ್ಲಿಂದ ಕಲಿತಳೋ ನಿಮಗೇ ಗೊತ್ತು.

ಕೋಪದ ಮುಖವಲ್ಲ ಅದು. ಏನೋ ಒಂದನ್ನು ಎಲ್ಲಿಟ್ಟೆನೆಂದು ಹುಡುಕುವವರ ಮುಖ. ತಾಳಿ.

ಲುವೀನಿಯಾ


ಸವಾನಾ
30 ಆಗಸ್ಟ್ 1986

ಅಪ್ಪಾ,

ನನಗೆ ಗೊತ್ತಿತ್ತು.

ಹೇಗೆ ಬರೆದರೂ ಇದೇ ಮೊದಲ ಸಾಲಾಗುತ್ತಿತ್ತು, ಅದಕ್ಕೇ ಇಷ್ಟು ದಿನ ಹಿಡಿಯಿತು. ಅಂತ್ಯಕ್ರಿಯೆಯ ದಿನ ಚರ್ಚಿನ ಹೊರಗೆ ಒಬ್ಬ ಯುವಕ ನಿಂತಿದ್ದ. ಒಳಗೆ ಬರಲು ಧೈರ್ಯವಾಗದೆ ನನ್ನನ್ನು ಕರೆದ. ಆಂಬುಲೆನ್ಸಿನಲ್ಲಿ ಅಮ್ಮನ ಪಕ್ಕ ಕುಳಿತಿದ್ದವನು ಅವನೇ. ಗಾಳಿ, ಹಡಗು, ಸೇತುವೆ, ಎಲ್ಲ ಹೇಳಿದ. ಸೇತುವೆ ನಡೆಸುತ್ತಿದ್ದವನು ಯಾರೆಂದು ಅವನಿಗೆ ತಿಳಿದಿರಲಿಲ್ಲ. ನನಗೆ ತಿಳಿಯಿತು.

ಅಲ್ಲಿಂದ ನೇರ ಮನೆಗೆ ಬಂದು ನಿನ್ನನ್ನು ಕೇಳಿದೆ. ನೀನು ದಾರಿಯಲ್ಲಿ ಆಯಿತು ಎಂದೆ. ಮತ್ತೆ ಕೇಳಿದೆ. ಅಷ್ಟೇ ಎಂದೆ. ಅಪ್ಪಾ, ಸೇತುವೆ ಎತ್ತಿದ್ದಕ್ಕೆ ನಾನು ಒಂದು ದಿನವೂ ನಿನ್ನನ್ನು ದೂರಲಿಲ್ಲ. ಸೇತುವೆ ಎತ್ತುವವನ ಮಗಳು ನಾನು. ಗೋಡೆಗಳ ನಡುವೆ ಬಂದ ಹಡಗಿನ ಮೇಲೆ ಸೇತುವೆ ಇಳಿಸುವುದಿಲ್ಲ ಎಂಬುದು ನನಗೆ ಆರನೆಯ ವಯಸ್ಸಿಗೇ ಗೊತ್ತಿತ್ತು. ನನ್ನ ಕೋಪ ಬೇರೆ. ನಾವಿಬ್ಬರೂ ಸೇರಿ ಅಳಬಹುದಾಗಿದ್ದನ್ನು ನೀನೊಬ್ಬನೇ ಎತ್ತಿಟ್ಟುಕೊಂಡೆಯಲ್ಲ, ಅದಕ್ಕೆ. ನೀನೇ ಹೇಳಲಿ ಎಂದು ಕಾದೆ. ಒಂದು ತಿಂಗಳು, ಒಂದು ವರ್ಷ. ಆಮೇಲೆ ಕಾಯುವುದೇ ಒಂದು ಹಟವಾಯಿತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನೀನು ಮದುವೆಗೆ ಬರದಿದ್ದಾಗ ಇಲ್ಲಿ ಎಲ್ಲರೂ ಬಣ್ಣದ ಕಾರಣವೆಂದುಕೊಂಡರು. ಅಲ್ಲವೆಂದು ನನಗೆ ಗೊತ್ತಿತ್ತು. ತಿದ್ದಲಿಲ್ಲ. ರೂಬೆನ್‌ಗೂ ಹೇಳಲಿಲ್ಲ. ಐದು ವರ್ಷ ನಿನ್ನನ್ನು ಆ ಮನುಷ್ಯನಾಗಿ ಇರಲು ಬಿಟ್ಟೆ. ಹೋದ ವಾರ ಅತ್ತೆಗೆ ಹೇಳಿದೆ. ಅವರು ಕೈಯಲ್ಲಿದ್ದ ಬಟಾಣಿ ಬುಟ್ಟಿಯನ್ನು ಕೆಳಗಿಟ್ಟು, "ನೀವಿಬ್ಬರೂ ಒಂದೇ ಅಚ್ಚು ಕಣೇ," ಎಂದರು. ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಅದು ನನಗೆ ತಕ್ಕುದೇ.

ಈಗ ಮುಖ್ಯವಾದದ್ದು. ಆ ಯುವಕ ಮತ್ತೊಂದು ಮಾತು ಹೇಳಿದ್ದ. ಅದು ನಿನಗೆ ಸೇರಬೇಕಾದದ್ದು. ನೀನು ಹೇಳಿದ ಮೇಲೆ ನಾನು ಹೇಳುತ್ತೇನೆ ಎಂದು ಇಟ್ಟುಕೊಂಡೆ. ಇಟ್ಟುಕೊಳ್ಳಬಾರದಿತ್ತು.

ಗೇಟಿನಲ್ಲಿ ನಿಂತಿದ್ದಾಗ ಅಮ್ಮನಿಗೆ ಎಚ್ಚರವಿತ್ತು. ನೋವು ಕಡಿಮೆಯಾಗಿತ್ತಂತೆ. ಹಡಗು ಕೂಗಿದ್ದು ಕೇಳಿ ಕಣ್ಣು ತೆರೆದಳು. ನೀನು ಕೆಲಸದಿಂದ ಬಂದ ತಕ್ಷಣ, ಕೋಟು ಬಿಚ್ಚುವ ಮೊದಲೇ ಅಮ್ಮ ಒಲೆಯ ಕಡೆಯಿಂದ ಕೇಳುತ್ತಿದ್ದಳಲ್ಲ, ಹಾಗೆಯೇ ಅವನನ್ನು ಕೇಳಿದಳಂತೆ, "ಯಾವ ಹಡಗು?"

ಅವನಿಗೆ ತಿಳಿಯದು. "ಗೊತ್ತಿಲ್ಲಮ್ಮಾ," ಎಂದ.

"ಈ ಊರಲ್ಲಿದ್ದು ಹಡಗಿನ ಹೆಸರು ಗೊತ್ತಿಲ್ವಾ?" ಎಂದಳಂತೆ, ಸ್ವಲ್ಪ ಸಿಡುಕಿ. ಆಮೇಲೆ, "ಇರಲಿ ಬಿಡು. ಸಂಜೆ ಆರ್ವೋನ ಕೇಳ್ತೀನಿ," ಎಂದಳಂತೆ.

ಅದೇ ಕೊನೆಯ ಮಾತು. ಹೆದರಿಕೆ ಇರಲಿಲ್ಲ ಎಂದು ಅವನು ಎರಡು ಸಲ ಹೇಳಿದ.

ನಾವು ಅಲ್ಲಿಗೆ ಬರಬೇಕೋ, ನಿನ್ನನ್ನು ಇಲ್ಲಿಗೆ ಕರೆಯಬೇಕೋ ತಿಳಿಯುತ್ತಿಲ್ಲ. ನೀನೇ ಹೇಳು.

ನಿನ್ನ
ಐಲಾ


ಡುಲೂತ್
9 ಸೆಪ್ಟೆಂಬರ್ 1986

ಐಲಾ,

ಅಕ್ಟೋಬರ್ ಹದಿಮೂರರ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ. ಎರಡು ಹಗಲು, ಎರಡು ರಾತ್ರಿಯ ದಾರಿ. ಚಿಕಾಗೋದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿಂದ ಆಚೆಗೆ ನಾನು ಯಾವತ್ತೂ ಹೋದವನಲ್ಲ. ನಿಮ್ಮ ಕಡೆ ಮನೆಗಳು ಯಾವ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ? ಮರಗಳಿಂದ ಬೂದು ಬಣ್ಣದ ಗಡ್ಡ ಇಳಿಬಿದ್ದಿರುತ್ತದೆ ಎಂದು ಬೀಗಿತ್ತಿ ಹೇಳಿದ್ದರು, ಅದು ನಿಜವೇ ಅಥವಾ ನನ್ನನ್ನು ಆಡಿಸಿದರೇ? ರೂಬೆನ್‌ಗೆ ಬೇಕೆಂದರೆ ಹೊಗೆಯ ಮೀನು ತರುತ್ತೇನೆ. ಬಸ್ಸಿನವರು ಬೈಯದಿದ್ದರೆ.

ನಿನ್ನ ಕಾಗದ ಬಂದದ್ದು ಗುರುವಾರ. ಓದಿ ಪಾಯಿಂಟಿನ ತುದಿಯವರೆಗೆ ನಡೆದು ವಾಪಸು ಬಂದೆ. ಶುಕ್ರವಾರ ಏನೂ ಮಾಡಲಾಗಲಿಲ್ಲ. ಎಂಟು ವರ್ಷದ ಮೇಲೆ ಹತ್ತು ತಿಂಗಳಾಯಿತು, ಆ ಹನ್ನೊಂದು ನಿಮಿಷ ಅವಳು ಏನು ಮಾಡುತ್ತಿದ್ದಳು ಎಂದು ಯೋಚಿಸದ ದಿನವಿಲ್ಲ. ಏನೇನೋ ಕಂಡಿದ್ದೆ. ನನ್ನನ್ನು ಸಂಜೆ ಕೇಳಬೇಕೆಂದುಕೊಂಡಿದ್ದಳು ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ.

ಭಾನುವಾರ ಗುಡ್ಡದ ಮೇಲೆ ಅವಳ ಹತ್ತಿರ ಹೋದೆ. ಅಲ್ಲಿಂದ ನೀರೆಲ್ಲ ಕಾಣುತ್ತದೆ, ನಿನಗೆ ಗೊತ್ತು. ಪಕ್ಕದ ಸಮಾಧಿಗೆ ಹೂವು ತಂದಿದ್ದ ದಂಪತಿಗಳಿದ್ದರು. ಅವರು ಹೋಗಲಿ ಎಂದು ಸ್ವಲ್ಪ ಹೊತ್ತು ನೋಡಿದೆ. ಹೋಗಲಿಲ್ಲ. ಇನ್ನು ಕಾಯುವುದು ಬೇಡವೆಂದು ಜೋರಾಗಿಯೇ ಹೇಳಿದೆ. ಅವರು ತಿರುಗಿ ನೋಡಿದರು. ನೋಡಲಿ. ನಾನು ಹೇಳಿದ್ದು ಇಷ್ಟು:

"ಹಿಲ್ಮಾ, 'ಹಾರ್ಲನ್ ಕೀಟಿಂಗ್' ಕಣೇ. ಆರುನೂರ ಇಪ್ಪತ್ತಡಿ. ಹ್ಯೂರನ್ ಸರೋವರದ ಕಡೆಯಿಂದ ಸುಣ್ಣದ ಕಲ್ಲು ತುಂಬ್ಕೊಂಡು ಬಂತು. ಗಾಳಿ ವಿಪರೀತ ಇತ್ತು, ಗೋಡೆಗೆ ಬಡಿಯುತ್ತೇನೋ ಅಂದ್ಕೊಂಡೆ. ಬಡೀಲಿಲ್ಲ. ಇಪ್ಪತ್ತೇಳು ಜನ ಇದ್ರು. ಎಲ್ಲರೂ ಒಳಗೆ ಬಂದ್ರು."

ಅಪ್ಪ